ಅಕ್ಕನ ಅಯಸ್ಕಾಂತ, ಅಜ್ಜನ ಫೋಟೊ

ನಮ್ಮಕ್ಕನ ಪ್ರಕಾರ ಲೋಕದಲ್ಲಿ ಇರುವುದು ಎರಡೇ ಜಾತಿ. ಮೈಮೇಲೆ ಕಬ್ಬಿಣ ಇಟ್ಟುಕೊಂಡವರದ್ದು ಒಂದು, ಇಟ್ಟುಕೊಳ್ಳದವರದ್ದು ಇನ್ನೊಂದು. ನಾನು ದರ್ಜಿ. ಕಾಲರಿನಲ್ಲಿ ಗುಂಡುಪಿನ್ನು, ಜೇಬಿನಲ್ಲಿ ಕತ್ತರಿ, ಎಷ್ಟೋ ಸಲ ತುಟಿಯ ನಡುವೆ ಸೂಜಿ. ಹಾಗಾಗಿ ಅವಳ ಲೆಕ್ಕದಲ್ಲಿ ನನ್ನ ಸ್ಥಾನ ಎಲ್ಲಿ ಎಂದು ಬೇರೆ ಹೇಳಬೇಕಾಗಿಲ್ಲ.

ಅಕ್ಕ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಂಆರ್‌ಐ ಯಂತ್ರ ನಡೆಸುತ್ತಾಳೆ. ಅದನ್ನು ನೋಡದ ಪುಣ್ಯವಂತರಿಗೆ ಹೇಳುತ್ತೇನೆ. ಅದು ಕೋಣೆ ತುಂಬುವಷ್ಟು ದೊಡ್ಡ ಅಯಸ್ಕಾಂತ, ನಡುವೆ ಒಂದು ಸುರಂಗ. ಸುರಂಗದೊಳಕ್ಕೆ ಮನುಷ್ಯನನ್ನು ಮಲಗಿಸಿ ತಳ್ಳಿದರೆ ಅದು ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಂಡು ತಲೆಯೊಳಗಿನ ಚಿತ್ರ ತೆಗೆಯುತ್ತದೆ. ಫೋಟೊ ತೆಗೆಯಲು ಇಷ್ಟೊಂದು ಗದ್ದಲ ಮಾಡುವವನ ಸ್ಟುಡಿಯೋಗೆ ಯಾರೂ ಎರಡನೇ ಸಲ ಕಾಲಿಡುವುದಿಲ್ಲ. ಆಸ್ಪತ್ರೆಯಾದ್ದರಿಂದ ನಡೆಯುತ್ತದೆ.

ಆ ಕೋಣೆಯ ಬಾಗಿಲಲ್ಲಿ ಅಕ್ಕ ನಿಂತರೆ ಯಮ ಬಂದರೂ ಗದೆ ಹೊರಗಿಟ್ಟು ಬರಬೇಕು. ಒಮ್ಮೆ ಆಸ್ಪತ್ರೆಯ ಆಡಳಿತಾಧಿಕಾರಿ, "ನಾನ್ಯಾರು ಗೊತ್ತೇನಮ್ಮಾ" ಎಂದು ಕೇಳಿ ಅವಳನ್ನು ದಾಟಿಕೊಂಡು ಒಳಗೆ ಹೋದರಂತೆ. ಅವರ ಬೀಗದ ಕೈ ಗೊಂಚಲು ಜೇಬು ಹರಿದುಕೊಂಡು ಹಾರಿ ಹೋಗಿ ಯಂತ್ರದ ಹೊಟ್ಟೆಗೆ ಅಂಟಿಕೊಂಡಿತು. ಬೆಲ್ಟಿನ ಬಕಲೂ ಅದೇ ದಿಕ್ಕಿಗೆ ಎಳೆಯತೊಡಗಿತು. ಪ್ಯಾಂಟು ಹಿಡಿದುಕೊಂಡು ನಿಂತ ಆ ಮಹಾನುಭಾವರಿಗೆ ಅಕ್ಕ ಹೇಳಿದ್ದು ಇಷ್ಟೇ: "ನೀವ್ಯಾರು ಅಂತ ನನಗೆ ಗೊತ್ತು ಸಾರ್, ಅದಕ್ಕೆ ಗೊತ್ತಿಲ್ಲ." ಅಂದಿನಿಂದ ಅವರು ನೆಲಮಾಳಿಗೆಗೆ ಇಳಿದಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಅಕ್ಕನದ್ದು ಹುಟ್ಟುಗುಣದ ಮೇಲೆ ನೌಕರಿಯ ಗುಣವೂ ಸೇರಿಕೊಂಡಿತು. ನಮ್ಮ ಮನೆಗೆ ಬಂದರೂ ಹೊಸ್ತಿಲಲ್ಲಿ ನಿಂತು ನನ್ನ ಜೇಬು ತಡವುತ್ತಾಳೆ. ಅಮ್ಮ ಅವಳನ್ನು "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಕರೆಯುವುದು ಬರೀ ಪ್ರೀತಿಯಿಂದಲ್ಲ. ಹೊಗಳುವುದಂತೂ ಅವಳ ಜಾತಕದಲ್ಲೇ ಇಲ್ಲ. ನನ್ನ ಮದುವೆಗೆ ನಾನೇ ಹೊಲಿದುಕೊಂಡ ಕೋಟನ್ನು ನೋಡಿ, ದಿಂಬಿನ ಕವರಿಗೆ ಗುಂಡಿ ಹಾಕಿದ ಹಾಗಿದೆ ಎಂದವಳು ಅವಳು.

ಆದರೆ ಮಕ್ಕಳ ವಿಷಯಕ್ಕೆ ಬಂದರೆ ಬೇರೆಯೇ ಹೆಂಗಸು. ಸುರಂಗದೊಳಗೆ ತಲೆ ಕೂದಲೆಳೆಯಷ್ಟು ಅಲ್ಲಾಡಿದರೂ ಚಿತ್ರ ಕಲಸಿಹೋಗುತ್ತದೆ. ದೊಡ್ಡವರೇ ಹೆದರಿ ಒದ್ದಾಡುವ ಜಾಗದಲ್ಲಿ ಮಕ್ಕಳು ಸುಮ್ಮನೆ ಮಲಗುತ್ತಾರೆಯೇ? ಅದಕ್ಕೆ ಮತ್ತಿನ ಮದ್ದು ಕೊಟ್ಟು ಮಲಗಿಸುವುದು ವಾಡಿಕೆ. ಅಕ್ಕನಿಗೆ ಅದು ತನಗಾದ ಅವಮಾನ. ಮಗು ಬಂದ ಕೂಡಲೇ ಹೊರಗಿನ ಬೆಂಚಿನ ಮೇಲೆ ತೊಡೆಯಲ್ಲಿ ಕೂರಿಸಿಕೊಂಡು, ಯಂತ್ರ ಮಾಡಲಿರುವ ಸದ್ದುಗಳನ್ನೆಲ್ಲ ಸಾಲಾಗಿ ಬಾಯಲ್ಲಿ ಮಾಡಿ ತೋರಿಸುತ್ತಾಳೆ. ಟಕ್ ಟಕ್ ಟಕ್ ಅಂದರೆ ಮರಕುಟಿಗ. ಡರ್ರೆಂದು ಎಳೆಯುವುದು ದೊಡ್ಡಪ್ಪನ ಗೊರಕೆ. ಕಟಕಟ ಕಟಕಟ ಅನ್ನುವುದು ಹೊಲಿಗೆ ಯಂತ್ರ. ಅದನ್ನು ಅವಳು ಕಲಿತದ್ದು ನಮ್ಮಪ್ಪನ ಕಾಲಿನ ಮಿಷನ್ನಿನಿಂದ. ಮಗು ನಕ್ಕು, ತಾನೂ ಮಾಡಿ, ಒಳಗೆ ಹೋಗಿ ಮಲಗಿ, ಮುಂದಿನ ಸದ್ದು ಯಾವಾಗ ಬರುತ್ತದೆಂದು ಕಾಯುತ್ತಾ ಅಲ್ಲಾಡುವುದನ್ನೇ ಮರೆಯುತ್ತದೆ. ಒಮ್ಮೆ ಅದೇ ಬೆಂಚಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, ಪಾಪ, ಈಕೆಗೆ ಎಷ್ಟು ದಿನದಿಂದ ಹೀಗೆ ಎಂದು ನರ್ಸನ್ನು ವಿಚಾರಿಸಿದರಂತೆ.

ಈ ಬಾಯಿ ನಮ್ಮ ವಂಶದಲ್ಲಿ ಅಕ್ಕನಿಗೆ ಮುಗಿಯಿತು ಅಂದುಕೊಂಡಿದ್ದೆವು. ಅದು ನನ್ನ ಮಗಳಿಗೆ ಬಂತು, ಬಡ್ಡಿ ಸಮೇತ. ಅದಕ್ಕೇ ಅವಳಿಗೆ ಗಿಣಿ ಎಂದು ಹೆಸರು ಬಿತ್ತು. ಎಂಟು ವರ್ಷದ ಈ ಹುಡುಗಿ ಅಮ್ಮನ ಮಂಡಿನೋವಿನ ನಡಿಗೆ ನಡೆಯುತ್ತಿದ್ದಳು, ಸೂಜಿ ಕಚ್ಚಿಕೊಂಡು ನಾನು ಗಿರಾಕಿಗಳಿಗೆ ಸುಳ್ಳು ಹೇಳುವ ಶೈಲಿಯಲ್ಲಿ "ನಾಳೆ ಸಂಜೆ ಗ್ಯಾರಂಟಿ" ಅನ್ನುತ್ತಿದ್ದಳು. ಭಾನುವಾರ ಅಕ್ಕ ಊಟಕ್ಕೆ ಬಂದರೆ ಊಟವಾದ ಮೇಲೆ ಗಿಣಿಯ ಆಟ ಇದ್ದದ್ದೇ. ಅಕ್ಕ ಚಪ್ಪಾಳೆ ತಟ್ಟಿ "ಇನ್ನೊಂದ್ಸಲ ಮಾಡೆ" ಅನ್ನುವುದು, ನನ್ನ ಹೆಂಡತಿ "ನೀವೇ ಅವಳನ್ನ ಹಾಳು ಮಾಡ್ತಿರೋದು ಅತ್ತಿಗೆ" ಅನ್ನುವುದು, ಇವೆರಡೂ ಊಟದ ಜೊತೆಗೇ ಬಡಿಸಿದಂತೆ ಬರುತ್ತಿದ್ದವು.

ಗಿಣಿಯ ಅತ್ಯುತ್ತಮ ಆಟಗಳು ಎರಡು. ಒಂದು, ಕೆಳಗಿನ ಮನೆಯ ಮೇಷ್ಟ್ರು. ನಿವೃತ್ತರಾದ ಮೇಲೆ ಅವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು, ಬಾಯಿಯ ಎಡಮೂಲೆ ಸೋತಿದ್ದವು. ಗಿಣಿ ಅವರ ನಕಲು ಮಾಡುವುದು ಗೊತ್ತಾಗಿ ನನ್ನ ಹೆಂಡತಿ ಅವಳನ್ನು ದರದರ ಎಳೆದುಕೊಂಡು ಹೋಗಿ ಕ್ಷಮೆ ಕೇಳಿಸಿದಳು. ಮೇಷ್ಟ್ರು ಕ್ಷಮೆ ಆಮೇಲೆ ನೋಡೋಣ, ಮೊದಲು ಮಾಡಿ ತೋರಿಸು ಎಂದರು. ನೋಡಿ, ಎಡಗಾಲು ಇನ್ನೂ ಸ್ವಲ್ಪ ಎಳೆಯಬೇಕು ಎಂದು ತಿದ್ದಿದರು. ನಲವತ್ತು ವರ್ಷ ಪಾಠ ಹೇಳಿದವರು, ಅಭ್ಯಾಸ ಬಿಡಬೇಕಲ್ಲ.

ಇನ್ನೊಂದು, ಅಜ್ಜನ ಫೋಟೊ. ನಮ್ಮಪ್ಪ ಜೀವಮಾನದಲ್ಲಿ ತೆಗೆಸಿದ್ದು ಒಂದೇ ಫೋಟೊ. ಅಲ್ಲಾಡಬೇಡಿ ಎಂದು ಸ್ಟುಡಿಯೋದವನು ಎಷ್ಟು ಗದರಿದ್ದನೋ, ಪೊಲೀಸರು ಹಿಡಿದ ಕಳ್ಳನ ಹಾಗೆ ಕಣ್ಣು ಬಿಟ್ಟುಕೊಂಡು ಉಸಿರು ಕಟ್ಟಿ ಕೂತಿದ್ದಾರೆ. ಗಿಣಿ ಹುಟ್ಟುವ ಮೊದಲೇ ಅವರು ಹೋದರು. ಅವಳಿಗೆ ಅಜ್ಜ ಅಂದರೆ ಆ ಗೋಡೆಯ ಮೇಲಿನ ಮುಖವೇ. ಕುರ್ಚಿಯಲ್ಲಿ ಕೂತು ಅವಳು ಅಜ್ಜನ ಫೋಟೊ ಆದರೆ ಕೆಣಕಿದರೂ ಕಚಗುಳಿ ಇಟ್ಟರೂ ರೆಪ್ಪೆ ಅಲುಗುತ್ತಿರಲಿಲ್ಲ. ಅಮ್ಮ ಒಮ್ಮೆ ನಗುತ್ತಾ ನಗುತ್ತಾ ಅತ್ತುಬಿಟ್ಟಿದ್ದರು.

ಆ ಭಾನುವಾರವೂ ಊಟ ಮುಗಿದಿತ್ತು. ಕೈ ತೊಳೆಯಲು ಹೋದ ಗಿಣಿ ಬಾಯಿ ಸೊಟ್ಟಗೆ ಮಾಡಿಕೊಂಡು, ಒಂದು ಕೈ ಜೋತುಬಿಟ್ಟು, ಕಾಲೆಳೆಯುತ್ತಾ ಬಂದಳು. ಅಕ್ಕ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಮೇಷ್ಟ್ರು ಬಂದರು, ಕುರ್ಚಿ ಕೊಡಿ ಎಂದಳು. ಗಿಣಿ ಲೋಟ ಎತ್ತಲು ಹೋದಳು, ಲೋಟ ಜಾರಿ ಉರುಳಿತು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. "ಇನ್ನೊಂದ್ಸಲ ಮಾಡೆ" ಎಂದಳು ಅಕ್ಕ.

ನಗದೆ ಇದ್ದವಳು ನನ್ನ ಹೆಂಡತಿ ಒಬ್ಬಳೇ. ಅವಳಿಗೆ ಈ ಆಟ ಮೊದಲಿಂದಲೂ ಹಿಡಿಸುವುದಿಲ್ಲವಲ್ಲ, ಬೈಯುವುದಕ್ಕೆಂದೇ ನೋಡುತ್ತಿದ್ದಳು. "ಮೇಷ್ಟ್ರದ್ದು ಎಡಗೈ. ಇವಳು ಬಲಗೈ ಬಿಟ್ಕೊಂಡಿದಾಳೆ" ಎಂದಳು.

ಎದುರು ನಿಂತರೆ ಎಡ ಬಲ ಅದಲುಬದಲಾಗುತ್ತದೆ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ಅಮ್ಮ ವಾದಕ್ಕೆ ನಿಂತರು. ಅಕ್ಕನ ಕೈ ಮಾತ್ರ ಎರಡನೇ ಚಪ್ಪಾಳೆಗೆ ಎತ್ತಿದ್ದು ಹಾಗೇ ನಿಂತಿತು. ಸ್ವತಃ ಮೇಷ್ಟ್ರೇ ತಿದ್ದಿ ಕೊಟ್ಟ ಪಾಠ. ಈ ಹುಡುಗಿ ಎಡ ಬಲ ತಪ್ಪುವವಳಲ್ಲ. ಅಕ್ಕ ಎದ್ದು ಅವಳ ಮುಂದೆ ಕೂತು ಎರಡೂ ಕೈ ಮೇಲೆತ್ತು ಎಂದಳು. ಬಲಗೈ ಅರ್ಧಕ್ಕೆ ಬಂದು ಬಿದ್ದುಹೋಯಿತು. ನಗು ಎಂದಳು. ಅರ್ಧ ಬಾಯಿ ಮಾತ್ರ ನಕ್ಕಿತು. ನಿನ್ನ ಹೆಸರು ಹೇಳು ಎಂದಳು. ಯಾರ ದನಿಯನ್ನು ಬೇಕಾದರೂ ತೆಗೆಯುತ್ತಿದ್ದ ಆ ಬಾಯಿಂದ ಏನೋ ಮುದ್ದೆಯಂಥ ಸದ್ದು ಬಂತು. ಆಗ ನಾನು ಅವಳ ಕಣ್ಣು ನೋಡಿದೆ. ಅವಳು ಆಟವಾಡುತ್ತಿರಲಿಲ್ಲ. ಹೆದರಿ ನಮ್ಮ ಹತ್ತಿರ ಬಂದಿದ್ದಳು, ನಾವು ಚಪ್ಪಾಳೆ ತಟ್ಟಿದ್ದೆವು.

ಅಕ್ಕ ಎಂಜಲು ಕೈಯಲ್ಲೇ ಅವಳನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಆಟೋದಲ್ಲಿ ಲಕ್ವ ಅನ್ನುವ ಮಾತು ಬಂದಾಗ ಅಮ್ಮ ಒಪ್ಪಲೇ ಇಲ್ಲ. ಲಕ್ವ ಅಂದರೆ ವಯಸ್ಸಾದವರ ಪಿತ್ರಾರ್ಜಿತ ಆಸ್ತಿ, ಎಂಟು ವರ್ಷದ ಕೂಸಿಗೆ ಅದು ಹೇಗೆ ಬಂದೀತು ಅನ್ನುವುದು ಅವರ ತಕರಾರು.

"ಬರತ್ತೆ ಅಮ್ಮಾ. ಮಕ್ಕಳಿಗೂ ಬರತ್ತೆ" ಎಂದಳು ಅಕ್ಕ. "ಯಾರೂ ನಂಬಲ್ಲ. ಅದಕ್ಕೇ ತಡ ಆಗೋದು." ಆಮೇಲೆ ಆಟೋದವನಿಗೆ ತನ್ನ ಆಸ್ಪತ್ರೆಯ ಒಳದಾರಿ ತೋರಿಸತೊಡಗಿದಳು. ದೀಪದ ಬುಡದಲ್ಲಿ ಕತ್ತಲೆ ಎಂದು ಅವಳೇ ತನಗೆ ಹೇಳಿಕೊಳ್ಳುತ್ತಿದ್ದಿರಬೇಕು. ನಾನಂತೂ ಹೇಳಲಿಲ್ಲ.

ಆಸ್ಪತ್ರೆಯಲ್ಲಿ ಮೊದಲು ನೋಡಿದ ಡಾಕ್ಟರು ಫಿಟ್ಸ್ ಬಂದು ಹೋದ ಮೇಲೆ ಕೆಲವು ಮಕ್ಕಳಿಗೆ ಹೀಗೆ ಕೈ ಸೋಲುತ್ತದೆ, ಅದೂ ಇರಬಹುದು ಎಂದರು. ಸಿಟಿ ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಏನೂ ಕಾಣಲಿಲ್ಲ. ನನಗೆ ಆ ಯಂತ್ರಕ್ಕೆ ಅಡ್ಡಬೀಳೋಣ ಅನ್ನಿಸಿತು. ಅಷ್ಟರಲ್ಲಿ ಮಕ್ಕಳ ನರರೋಗದ ಡಾಕ್ಟರಮ್ಮ ಬಂದರು. ಚಪ್ಪಲಿ ಸದ್ದೇ ಕೇಳಿಸದ ಹಾಗೆ ನಡೆಯುವ, ಮೆಲುದನಿಯ ಹೆಂಗಸು. ಅವರು ನನ್ನ ಸಂತೋಷವನ್ನು ಮೆತ್ತಗೆ ತೆಗೆದು ಪಕ್ಕಕ್ಕಿಟ್ಟರು.

"ಸಿಟಿಯಲ್ಲಿ ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ರಕ್ತನಾಳ ಕಟ್ಟಿಕೊಂಡಿದ್ರೆ ಮೊದಮೊದಲು ಅದು ಎಂಆರ್‌ಐನಲ್ಲೇ ಸರಿಯಾಗಿ ಕಾಣೋದು" ಎಂದರು. ಫಿಟ್ಸಾದರೆ ಒಂದು ಮದ್ದು, ನಾಳ ಕಟ್ಟಿದ್ದರೆ ಇನ್ನೊಂದು, ಕುರುಡಾಗಿ ಕೊಟ್ಟರೆ ತೊಂದರೆಯೇ ಹೆಚ್ಚು ಎಂದು ವಿವರಿಸಿದರು. ನಾಳವೇ ಕಟ್ಟಿದ್ದರೆ ಸುಮ್ಮನೆ ಕಾಯುವಷ್ಟು ಹೊತ್ತೂ ಅಪಾಯ. ಇದ್ದ ಮಾತೂ ಹೋಗಬಹುದು, ಕೈ ಪೂರ್ತಿ ಹೋಗಬಹುದು. ಆದರೆ ಹುಡುಗಿ ಈಗ ತಾನೇ ಹೊಟ್ಟೆ ತುಂಬ ಉಂಡಿದ್ದಾಳೆ, ಮತ್ತಿನ ಮದ್ದು ಕೊಡುವಂತಿಲ್ಲ. ಕೊಡುವ ಡಾಕ್ಟರೂ ಆಪರೇಷನ್ ಕೋಣೆಯಲ್ಲಿದ್ದರು. ಸಂಜೆಯವರೆಗೆ ಕಾಯಬೇಕಾಗುತ್ತಿತ್ತು.

ಅಕ್ಕ ಮದ್ದೇ ಬೇಡ, ಅಲ್ಲಾಡದ ಹಾಗೆ ನಾನು ಮಲಗಿಸುತ್ತೇನೆ ಎಂದಳು. ಒಂದು ತುತ್ತು ಬಾಯಲ್ಲಿಟ್ಟುಕೊಂಡು ಮನೆಯೆಲ್ಲ ಸುತ್ತಿ ಬರುವ ಹುಡುಗಿಯ ಬಗ್ಗೆ ಈ ಮಾತು. ಡಾಕ್ಟರಮ್ಮ ಅಕ್ಕನ ಮುಖ ನೋಡಿ, ಒಂದು ಸಲ ಪ್ರಯತ್ನಿಸಿ ಎಂದರು. ಅಲ್ಲಾಡಿದರೆ ಹಟ ಬೇಡ, ಕಾಯೋಣ ಎಂದೂ ಸೇರಿಸಿದರು.

ಅಕ್ಕ ಗಿಣಿಯನ್ನು ಅದೇ ಬೆಂಚಿನ ಮೇಲೆ ಕೂರಿಸಿಕೊಂಡು ಮರಕುಟಿಗ ಶುರು ಮಾಡಿದಳು. ನಾಲಿಗೆ ಒಣಗಿತ್ತು, ಸದ್ದು ಸರಿಯಾಗಿ ಬರಲಿಲ್ಲ. ಗಿಣಿ ನಗಲಿಲ್ಲ. ತಾನೇ ಮಾಡಿ ತೋರಿಸಲು ಹೋದಳು. ತುಟಿ ಕೂಡಲಿಲ್ಲ, ಟಕ್ ಬರಲಿಲ್ಲ, ಜೊಲ್ಲು ಬಂತು. ಅವಳ ಗಲ್ಲ ಅದುರತೊಡಗಿತು. ಎಷ್ಟೋ ಮಕ್ಕಳನ್ನು ಗೆದ್ದ ವಿದ್ಯೆ ನಮ್ಮ ಮನೆಯ ಮಗುವಿನ ಹತ್ತಿರ ನೆಲಕಚ್ಚಿತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಇರಬೇಕು.

ಅಕ್ಕ ತನ್ನ ಸೆರಗಿನಿಂದ ಅವಳ ಬಾಯಿ ಒರೆಸಿದಳು. "ಸದ್ದು ಬೇಡ ಬಿಡು" ಎಂದಳು. "ಅಜ್ಜನ ಫೋಟೊ ಆಗ್ತೀಯಾ?"

ನೋಡನೋಡುತ್ತಿದ್ದ ಹಾಗೆ ಗಿಣಿಯ ಮುಖ ಗಟ್ಟಿಯಾಯಿತು, ಕಣ್ಣು ದೊಡ್ಡದಾಯಿತು. ಬಲಗಡೆ ಕೆನ್ನೆ ಜೋತುಬಿದ್ದೇ ಇತ್ತು. ಎಡಗಡೆ ಪೂರ್ತಿ ನಮ್ಮಪ್ಪ.

ಒಳಗೆ ಯಾರು ಕೂರಬೇಕು ಅನ್ನುವ ಪ್ರಶ್ನೆ ಬಂದಾಗ ನನ್ನ ಹೆಂಡತಿ, ನಾನು ಹೋದರೆ ಅಳುತ್ತೇನೆ, ಅವಳು ಅದನ್ನೂ ನಕಲು ಮಾಡುತ್ತಾಳೆ ಎಂದು ಹಿಂದೆ ಸರಿದಳು. ಹೀಗಾಗಿ ಜನ್ಮದಲ್ಲಿ ಮೊದಲ ಸಲ ಅಕ್ಕನ ಕೋಣೆಗೆ ನನಗೆ ಪ್ರವೇಶ ಸಿಕ್ಕಿತು. ಅದಕ್ಕೆ ಮೊದಲು ಶರ್ಟು, ಪ್ಯಾಂಟು, ಮಾನ ಎಲ್ಲ ಕಳಚಿಟ್ಟು ಆಸ್ಪತ್ರೆಯ ಹಸಿರು ಅಂಗಿ ಹಾಕಿಕೊಳ್ಳಬೇಕಾಯಿತು. ಅದರ ಹೊಲಿಗೆಯ ಬಗ್ಗೆ ನಾನು ಮಾತಾಡುವುದಿಲ್ಲ. ಆಮೇಲೂ ಅಕ್ಕ ನನ್ನ ತಲೆಗೂದಲು ಕೆದಕಿ ಒಂದು ಗುಂಡುಪಿನ್ನು ತೆಗೆದಳು. ಅಲ್ಲಿಗೆ ಅದು ಹೇಗೆ ಹೋಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗಿಣಿಯನ್ನು ಮಲಗಿಸಿ, ಕಿವಿ ಮುಚ್ಚಿ, ತಲೆಗೆ ಹೆಲ್ಮೆಟ್ಟಿನಂಥ ಒಂದು ಪಂಜರ ಹಾಕಿದರು. ಅದರ ಮೇಲೆ ಪುಟ್ಟ ಕನ್ನಡಿ ಇತ್ತು. ಸುರಂಗದೊಳಗೆ ಮಲಗಿದಲ್ಲಿಂದಲೇ ಕಾಲ ಕಡೆ ಕೂತ ಅಪ್ಪನೋ ಅಮ್ಮನೋ ಕಾಣಲಿ, ಮಗು ಹೆದರದಿರಲಿ ಎಂದು. ನಾನು ಕಾಲ ಕಡೆ ಕೂತು ಅವಳ ಹೆಬ್ಬೆರಳು ಹಿಡಿದುಕೊಂಡೆ. ನನ್ನ ಬೆನ್ನ ಹಿಂದೆ ಗಾಜಿನ ಕಿಟಕಿ, ಅದರಾಚೆ ಅಕ್ಕ. ಬಾಗಿಲು ಮುಚ್ಚಿತು.

ಮೈಕಿನಲ್ಲಿ ಅಕ್ಕನ ದನಿ ಬಂತು. ಆಚೆ ಅವಳು ಒಂದು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಅದು ಒಳಗೆ ಕೇಳಿಸುವುದು. "ಅಜ್ಜಾ, ಕೂತ್ಕೊಂಡ್ರಾ? ಈಗ ನಿಮ್ಮ ಹೊಲಿಗೆ ಮಿಷನ್ನು."

ಯಂತ್ರ ಕಟಕಟ ಎಂದು ಕೂಗತೊಡಗಿತು. ನನ್ನ ಹಲ್ಲು ಅಲುಗುತ್ತಿದ್ದವು. ಗಿಣಿಯ ಹೆಬ್ಬೆರಳು ಅಲುಗಲಿಲ್ಲ. ಅಪ್ಪಾ, ನಿನ್ನ ಹೆಸರಲ್ಲಿ ಇವಳು ಮಲಗಿದ್ದಾಳೆ, ಹಾಗೇ ಇರಲಿ ಎಂದು ನಾನು ಗೋಡೆಯ ಮೇಲಿಲ್ಲದ ಫೋಟೊಗೆ ಹೇಳಿಕೊಂಡೆ. ಸದ್ದು ನಿಂತಿತು. ಸ್ವಲ್ಪ ಹೊತ್ತು ಮೈಕಿನಿಂದ ಏನೂ ಬರಲಿಲ್ಲ. ಆಮೇಲೆ ಅಕ್ಕ ನನ್ನನ್ನು ಕರೆದಳು.

"ನೀನು ಚೆನ್ನಾಗಿ ಕೂತಿದೀಯ ಕಣೋ" ಎಂದಳು. "ತುಂಬಾ ಚೆನ್ನಾಗಿ ಕೂತಿದೀಯ."

ಹುಟ್ಟಿದಾಗಿನಿಂದ ನನ್ನ ಒಂದು ಕೆಲಸವನ್ನೂ ಮೆಚ್ಚದವಳು ನಾನು ಕುರ್ಚಿಯಲ್ಲಿ ಕೂತದ್ದನ್ನು ಹೊಗಳುತ್ತಿದ್ದಾಳೆ ಅಂದರೆ ಆ ಪರದೆಯ ಮೇಲೆ ಏನು ಕಂಡಿರಬೇಕು? ಚಿತ್ರದಲ್ಲಿ ಏನಿದೆ ಎಂದು ಮನೆಯವರಿಗೆ ಹೇಳುವಂತಿಲ್ಲ, ಅದು ಡಾಕ್ಟರೇ ಹೇಳಬೇಕು ಅನ್ನುವುದು ಅವಳ ನಿಯಮ. ಅವಳು ನಿಯಮ ಮುರಿಯಲಿಲ್ಲ. ನನಗೆ ಎಲ್ಲ ಗೊತ್ತಾಗಿ ಹೋಯಿತು. ಆದರೂ ಮರುಕ್ಷಣವೇ ಮೈಕಿನಲ್ಲಿ ಮರಕುಟಿಗ ಬಂತು, ಗೊರಕೆ ಬಂತು, ದೊಡ್ಡಪ್ಪನನ್ನು ದೊಡ್ಡಮ್ಮ ಹೊರಗೆ ಮಲಗಿಸಿದ ಕತೆ ಬಂತು, ದನಿ ಒಂದಿಷ್ಟೂ ನಡುಗದೆ. ಇವಳ ಎದೆಯೇ ಕಬ್ಬಿಣ, ಆ ಕೋಣೆಗೆ ಮೊದಲು ಇವಳನ್ನೇ ಬಿಡಬಾರದು ಎಂದು ನನಗೆ ಸಿಟ್ಟು ಬಂತು.

ಚಿತ್ರ ಒಂದೇ ಸಲಕ್ಕೆ ಸ್ವಚ್ಛವಾಗಿ ಬಂದಿತ್ತು. ಮೆದುಳಿನ ಎಡಗಡೆ ಬೆಳ್ಳಗೆ ಒಂದು ಕಲೆ, ಅದಕ್ಕೆ ರಕ್ತ ಒಯ್ಯುವ ನಾಳ ಒಂದು ಕಡೆ ಸಣ್ಣಗಾಗಿದೆ ಎಂದು ಡಾಕ್ಟರಮ್ಮ ತೋರಿಸಿದರು. ಕೆಲವು ತಿಂಗಳ ಹಿಂದೆ ಅವಳಿಗೆ ಚಿಕನ್ ಪಾಕ್ಸ್ ಆಗಿತ್ತು. ಅಪರೂಪಕ್ಕೆ ಅದು ಹೋದ ಮೇಲೂ ಹೀಗೆ ನಾಳವನ್ನು ಕೆಡಿಸುವುದುಂಟಂತೆ. ಆ ಮಧ್ಯಾಹ್ನವೇ ಸರಿಯಾದ ಮದ್ದು ಶುರುವಾಯಿತು. ಬೇಗ ಗೊತ್ತಾದದ್ದು ಒಳ್ಳೆಯದಾಯಿತು, ಆದರೆ ಕೈ ಎಷ್ಟು ವಾಪಸು ಬರುತ್ತದೆ ಎಂದು ಈಗಲೇ ಹೇಳಲಾರೆ ಎಂದರು.

ಮಾತು ಬೇಗ ಬಂತು. ಕಾಲೂ ಬಂತು. ಕೈ ಮಾತ್ರ ಹಟ ಹಿಡಿಯಿತು. ಮನೆಗೆ ಬಂದ ಮೇಲೆ ದಿನಾ ವ್ಯಾಯಾಮ. ಮೇಷ್ಟ್ರು ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದು ಅವಳೆದುರು ಕೂರುತ್ತಿದ್ದರು. ಇಬ್ಬರೂ ಒಂದೊಂದು ಮೆತ್ತನೆ ಚೆಂಡು ಹಿಡಿದು ಹಿಸುಕುವುದು, ಯಾರು ಮೊದಲು ಸೋಲುತ್ತಾರೆಂದು ಜಗಳವಾಡುವುದು. ಕಳ್ಳಾಟದಲ್ಲಿ ಮೇಷ್ಟ್ರದ್ದೇ ಮೇಲುಗೈ.

ಆದರೆ ಗಿಣಿ ನಕಲು ಮಾಡುವುದನ್ನು ಬಿಟ್ಟಿದ್ದಳು. ಬಿಡದೆ ಏನು ಮಾಡುತ್ತಾಳೆ? ಆಕಳಿಸಲು ಬಾಯಿ ತೆರೆದರೂ ಮನೆಮಂದಿಯೆಲ್ಲ ಓಡಿಬಂದು ಕೈ ಎತ್ತು, ನಗು, ಹೆಸರು ಹೇಳು ಎಂದು ಮುತ್ತಿಕೊಳ್ಳುತ್ತಿದ್ದೆವು. ಅಕ್ಕನೂ ಬದಲಾಗಿದ್ದಳು. ಭಾನುವಾರ ಬಂದು, ಉಂಡು, ಗಿಣಿಯ ಬಲಗೈಯನ್ನೇ ನೋಡುತ್ತಾ ಕೂತು, ಎದ್ದು ಹೋಗುವಳು. ನನ್ನ ಜೇಬು ತಡವುವುದನ್ನೂ ಬಿಟ್ಟಳು. ಅವತ್ತು ಚಿತ್ರ ನೋಡಿದಾಗ ನಿನಗೆ ಏನನ್ನಿಸಿತು ಎಂದು ಒಮ್ಮೆ ಕೇಳಿದೆ. ನನ್ನ ಕೆಲಸ ಚಿತ್ರ ತೆಗೆಯುವುದು, ಅನ್ನಿಸುವುದೆಲ್ಲ ಡಾಕ್ಟರಿಗೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ತಾನು ಚಪ್ಪಾಳೆ ತಟ್ಟಿದ್ದನ್ನು ಅವಳು ಮರೆತಿರಲಿಲ್ಲ. ನಮಗೆಲ್ಲ ಅದು ಗೊತ್ತಿತ್ತು, ಯಾರೂ ಎತ್ತಲಿಲ್ಲ. ಮನೆಯಲ್ಲಿ ಇಬ್ಬರು ಮೂಕರಾದರು, ಅದೂ ಮಾತಿನ ಮಲ್ಲಿಯರೇ.

ಹೀಗಿರುವಾಗ ಒಂದು ಭಾನುವಾರ ಊಟ ಮುಗಿದ ಮೇಲೆ ಗಿಣಿ ಕುರ್ಚಿ ಎಳೆದು ಹಾಕಿಕೊಂಡಳು. ಒಂದು ಹೊಸದು ಇದೆ, ಯಾರೂ ಮಧ್ಯ ಬಾಯಿ ಹಾಕಬಾರದು ಎಂದು ಅಪ್ಪಣೆ ಮಾಡಿದಳು. ಎದುರಿಗಿದ್ದ ಮೇಜಿನ ಮೇಲೆ ಒಂದು ಬೆಂಕಿಪೊಟ್ಟಣ ಇಟ್ಟು, ಅದರ ಮೇಲೆ ಬಲಗೈ ಹೆಬ್ಬೆರಳನ್ನು ನಿಧಾನವಾಗಿ ತಂದು ಒತ್ತಿದಳು.

"ಅಜ್ಜಾ, ಈಗ ಮರಕುಟಿಗ ಬರತ್ತೆ, ಟಕ್ ಟಕ್ ಟಕ್" ಎಂದಳು. ಕಣ್ಣು ಮುಚ್ಚಿಕೊಂಡಿದ್ದರೆ ಅಕ್ಕನೇ ಅನ್ನಬೇಕು, ಅದೇ ಗತ್ತು, ಅದೇ ನಗು.

ಹೆಬ್ಬೆರಳು ತೆಗೆದಳು. ತೆಗೆದ ಕೂಡಲೇ ಮುಖ ಪೂರ್ತಿ ಒಡೆದುಹೋಯಿತು. ಎಡಗೈಯ ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು, ಹೆಗಲು ಕುಲುಕಿಸಿ ಕುಲುಕಿಸಿ, ಸದ್ದಿಲ್ಲದೆ ಅತ್ತಳು. ಮತ್ತೆ ಗುಂಡಿ ಒತ್ತಿದಳು. "ಈಗ ದೊಡ್ಡಪ್ಪನ ಗೊರಕೆ, ಹೆದರಬೇಡಿ" ಎಂದು ನಕ್ಕಳು. ಬಿಟ್ಟಳು. ಮತ್ತೆ ಮುಷ್ಟಿ ಬಾಯಿಗೆ.

ಯಾರೂ ನಗಲಿಲ್ಲ. ನನಗೆ ಆ ಪುಟ್ಟ ಕನ್ನಡಿ ನೆನಪಾಯಿತು. ಕಾಲ ಕಡೆ ಕೂತ ನಾನು ಕಾಣಲಿ ಎಂದು ಇಟ್ಟ ಕನ್ನಡಿಯಲ್ಲಿ ನನ್ನ ಹೆಗಲಾಚೆಯ ಗಾಜಿನ ಕಿಟಕಿಯೂ ಕಂಡಿತ್ತು. ಅಜ್ಜನ ಫೋಟೊ ಕಣ್ಣು ಮುಚ್ಚುವುದಿಲ್ಲವಲ್ಲ. ಅಷ್ಟು ಹೊತ್ತೂ ಅವಳು ರೆಪ್ಪೆ ಅಲುಗಿಸದೆ ಅತ್ತೆಯನ್ನೇ ನೋಡಿದ್ದಳು. ಎದೆ ಕಬ್ಬಿಣದ್ದು ಎಂದು ನಾನು ಬೈದುಕೊಳ್ಳುತ್ತಿದ್ದಾಗ ನನ್ನ ಬೆನ್ನ ಹಿಂದೆ ನಡೆಯುತ್ತಿದ್ದದ್ದು ಇದು.

ಅಕ್ಕನ ಮುಖ ಕೆಂಪಾಗಿತ್ತು. ಸಿಕ್ಕಿಬಿದ್ದವರೆಲ್ಲ ಮಾಡುವ ಹಾಗೆ ತಪ್ಪು ಹುಡುಕಿದಳು. "ನಾನು ಗುಂಡಿ ಒತ್ತಿದ್ದು ಎಡಗೈಲಿ ಕಣೆ."

"ಗೊತ್ತು ಅತ್ತೆ" ಎಂದಳು ಗಿಣಿ. "ಆದ್ರೆ ಈ ಕೈಲಿ ಒತ್ತಕ್ಕೆ ಆಗತ್ತೆ ಅಂತ ನಿಂಗೆ ತೋರಿಸ್ಬೇಕಿತ್ತು."

ಅಕ್ಕ ಆ ಬೆಂಕಿಪೊಟ್ಟಣದ ಮೇಲಿನ ಹೆಬ್ಬೆರಳನ್ನು ನೋಡಿದಳು. ಅದು ಇನ್ನೂ ಸ್ವಲ್ಪ ನಡುಗುತ್ತಿತ್ತು. ಈ ಸಲ ಒತ್ತುವ ಗುಂಡಿ ಇರಲಿಲ್ಲವಾದ್ದರಿಂದ ಅಕ್ಕ ನಮ್ಮೆಲ್ಲರ ಮುಂದೆಯೇ ಅತ್ತಳು, ಮೂಗು ಸುರಿಸಿಕೊಂಡು, ಚೆನ್ನಾಗಿಯೇ. ಆಮೇಲೆ ಮುಖ ಒರೆಸಿಕೊಂಡು ಚಪ್ಪಾಳೆ ತಟ್ಟಿದಳು.

"ಇನ್ನೊಂದ್ಸಲ ಮಾಡೆ" ಎಂದಳು.